ಮುಖಕ್ಕೊಂದು ನೆರಳು

ಮುಖದ ಚರ್ಮಕ್ಕೆ ಬಿಸಿಲಿನಿಂದ ಆಗುವ ಹಾನಿಯನ್ನು ಸೆಕೆಯಿಂದ ಅಳೆಯಲಾಗದು. ಮೈ ಬೆವರಿಸುವ ಶಾಖವೇ ಬೇರೆ. ಚರ್ಮವನ್ನು ಕಂದಿಸಿ, ಕಪ್ಪು ಕಲೆ ಮೂಡಿಸಿ, ವಯಸ್ಸಿಗೆ ಮುಂಚೆಯೇ ಸುಕ್ಕು ತರುವುದು ಅತಿನೇರಳೆ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ತಾಗಿದ್ದೂ ಗೊತ್ತಾಗುವುದಿಲ್ಲ. ಮೇ ತಿಂಗಳ ರಾಯಚೂರಿನಲ್ಲಿ ತಲೆಗೆ ಟವೆಲ್ ಸುತ್ತಿಕೊಳ್ಳದೆ ಹೊರಬೀಳುವವರು ಕಡಿಮೆ. ಬೆಂಗಳೂರಿನ ತಂಪು ಹವೆಯಲ್ಲಿ ಮಾತ್ರ ನಡುಮಧ್ಯಾಹ್ನವೂ ಜನ ಬರಿಮುಖದಲ್ಲೇ ಓಡಾಡುತ್ತಾರೆ. ಆದರೆ ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಅತಿನೇರಳೆ ಕಿರಣದ ತೀವ್ರತೆ ಶೇ 10ರಷ್ಟು ಹೆಚ್ಚುತ್ತದೆ. ತಂಗಾಳಿ ಬೀಸುತ್ತಿದೆ ಎಂದಮಾತ್ರಕ್ಕೆ ಕಿರಣ ಕಡಿಮೆಯಾಗಿರುವುದಿಲ್ಲ.

ಕರ್ನಾಟಕ ಇರುವುದು ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಹಾಗಾಗಿ ರಾಜ್ಯದ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ಸಲ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತದೆ. ಶಾಲಾಮಕ್ಕಳು ಅಂಗಳದಲ್ಲಿ ಕೋಲು ನಿಲ್ಲಿಸಿ, ನೆರಳು ಬುಡದಲ್ಲೇ ಅಡಗುವುದನ್ನು ನೋಡುವ ಶೂನ್ಯ ನೆರಳಿನ ದಿನಗಳಿವು. ಸೂರ್ಯ ನೆತ್ತಿಯ ಮೇಲಿದ್ದಾಗ ಕಿರಣ ವಾತಾವರಣದಲ್ಲಿ ಸಾಗಬೇಕಾದ ದಾರಿ ತೀರ ಚಿಕ್ಕದು. ಆದ್ದರಿಂದ ಓಜೋನ್ ಪದರ ಹೀರಿಕೊಳ್ಳುವ ಪಾಲೂ ಕಡಿಮೆ. ಏಪ್ರಿಲ್‌ನಲ್ಲಿ ಕೊಡೆ ಹಿಡಿಯುವವರೂ ಶ್ರಾವಣದ ಮೋಡದ ದಿನ ಹಿಡಿಯುವುದಿಲ್ಲ. ದಟ್ಟ ಕಾರ್ಮೋಡ ಕಿರಣವನ್ನು ತಡೆಯುತ್ತದೆ, ನಿಜ. ಬೆಳ್ಳಗಿನ ತೆಳುಮೋಡ ಮಾತ್ರ ಶೇ 80ರವರೆಗೂ ಒಳಬಿಡಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ.

ಈ ಕಿರಣದ ತೀವ್ರತೆಯನ್ನು ಅಳೆಯಲು 1992ರಲ್ಲಿ ಕೆನಡಾ ಒಂದು ಸೂಚ್ಯಂಕವನ್ನು ಜಾರಿಗೆ ತಂದಿತು. ಈಗ ಜಗತ್ತೆಲ್ಲ ಬಳಸುವ ಯುವಿ ಸೂಚ್ಯಂಕ ಅದೇ. ಮೊಬೈಲ್‌ನ ಹವಾಮಾನ ಆ್ಯಪ್‌ಗಳಲ್ಲೂ ಅದು ಕಾಣುತ್ತದೆ. ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 11 ಮುಟ್ಟಿದರೆ ಅದು ಅತಿರೇಕದ ಮಟ್ಟ. ಬೇಸಿಗೆಯ ತಿಳಿ ಆಕಾಶದ ನಡುಮಧ್ಯಾಹ್ನ ಕರ್ನಾಟಕದ ಬಹುತೇಕ ಕಡೆ ಈ ಅಂಕಿ 11ರ ಆಚೆಗೆ ಹೋಗುತ್ತದೆ. ಆ್ಯಪ್ ಇಲ್ಲದವರಿಗೆ ನೆರಳೇ ಸಾಕು. ನೆಲದ ಮೇಲೆ ಬಿದ್ದ ನೆರಳು ಆಳಿಗಿಂತ ಉದ್ದವಿದ್ದರೆ ಕಿರಣ ಸೌಮ್ಯ, ಗಿಡ್ಡವಿದ್ದರೆ ತೀವ್ರ.

ಮುಖದ ಹೊರಚರ್ಮದ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದರ ಅಡಿಯಲ್ಲಿ ಹುಟ್ಟಿದ ಜೀವಕೋಶ ಮೇಲೇರುತ್ತ ಬಂದು, ಸತ್ತು, ಉದುರಿಹೋಗಲು ಹರೆಯದವರಲ್ಲಿ ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು. ಈ ಹೊರಚರ್ಮದ ತಳದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸುವ ಕೋಶಗಳಿವೆ. ಅವುಗಳ ಸಂಖ್ಯೆ ಕಪ್ಪು ಮೈಯವರಲ್ಲೂ ಬಿಳಿ ಮೈಯವರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಮೆಲನಿನ್ ಕಣಗಳ ಗಾತ್ರದಲ್ಲಿ, ಬಗೆಯಲ್ಲಿ ಮತ್ತು ಹಂಚಿಕೆಯಲ್ಲಿ. ಈ ಕಣಗಳು ನೆರೆಯ ಕೋಶಗಳೊಳಗೆ ಸೇರಿ, ಕೋಶಕೇಂದ್ರದ ಮೇಲೆ ಕೊಡೆ ಬಿಚ್ಚಿದ ಹಾಗೆ ನಿಂತು ಒಳಗಿನ ಡಿಎನ್‌ಎಯನ್ನು ಕಾಯುತ್ತವೆ. ಬಿಸಿಲಿಗೆ ಹೋದವರು ಕಪ್ಪಾಗುವುದು ಈ ಕಾವಲನ್ನು ದೇಹ ಹೆಚ್ಚಿಸಿಕೊಂಡದ್ದರ ಗುರುತು. ಅದು ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ. ಡಿಎನ್‌ಎಗೆ ಪೆಟ್ಟು ಬಿದ್ದದ್ದರಿಂದಲೇ ಈ ಕಾವಲು ಹೆಚ್ಚಿತು ಎಂಬುದನ್ನೂ ಮರೆಯಬಾರದು.

ಕಂದು ಚರ್ಮಕ್ಕೆ ಬಿಸಿಲು ಏನೂ ಮಾಡದು ಎಂಬ ನಂಬಿಕೆ ವ್ಯಾಪಕವಾಗಿದೆ. 1979ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಕಪ್ಪು ಜನರ ಹೊರಚರ್ಮಕ್ಕೆ ತಾನಾಗಿಯೇ ಸುಮಾರು 13ರಷ್ಟು ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) ಇದೆಯೆಂದೂ ಬಿಳಿಯರಿಗೆ ಸುಮಾರು 3 ಮಾತ್ರ ಎಂದೂ ಕಂಡುಬಂತು. ಭಾರತೀಯರ ಕಂದು ಬಣ್ಣ ಇವೆರಡರ ನಡುವಿನದು. ಹೀಗಾಗಿ ಇಲ್ಲಿನವರಲ್ಲಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಕಡಿಮೆ. ಈ ಭಾಗ್ಯ ದೊಡ್ಡದೇ. ಆದರೆ ಬಣ್ಣ ತಯಾರಿಸುವ ಕೋಶಗಳು ಚುರುಕಾಗಿರುವುದರಿಂದ ಕಲೆ, ಬಂಗು, ಮೊಡವೆ ಮಾಗಿದ ಮೇಲೆ ಉಳಿಯುವ ಕಪ್ಪು ಗುರುತು, ಇವೆಲ್ಲ ಕಂದು ಚರ್ಮದಲ್ಲಿ ಬೇಗ ಬರುತ್ತವೆ, ಬಹಳ ಕಾಲ ನಿಲ್ಲುತ್ತವೆ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಆಲ್ಬಿನಿಸಂ ಇರುವವರಿಗೆ ಈ ಸಹಜ ರಕ್ಷಣೆಯೂ ಇಲ್ಲ, ಕ್ಯಾನ್ಸರಿನ ಅಪಾಯವೂ ಹೆಚ್ಚು. ತೊನ್ನಿನ ಬಿಳಿ ಮಚ್ಚೆಗಳು ಬಿಸಿಲಿಗೆ ಬೇಗ ಸುಡುತ್ತವೆ. ಇಂಥವರಿಗೆ ಸನ್‌ಸ್ಕ್ರೀನ್ ಅಲಂಕಾರದ ಸಾಮಗ್ರಿಯಲ್ಲ, ಔಷಧವೇ ಸರಿ.

ನೆಲ ತಲುಪುವ ಅತಿನೇರಳೆ ಕಿರಣದಲ್ಲಿ ಎರಡು ಬಗೆ. ಚರ್ಮವನ್ನು ಕೆಂಪಾಗಿಸಿ ಸುಡುವ ಯುವಿ-ಬಿ ಶೇ 5ರಷ್ಟು. ಉಳಿದ ಶೇ 95 ಯುವಿ-ಎ. ಇದು ಒಳಚರ್ಮದವರೆಗೂ ಇಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜನ್ ನಾರುಗಳನ್ನು ಸಡಿಲಿಸುತ್ತದೆ. ಸುಡುವುದಿಲ್ಲ, ಉರಿಯುವುದಿಲ್ಲ, ಆದ್ದರಿಂದ ಎಚ್ಚರವೂ ಹುಟ್ಟುವುದಿಲ್ಲ. ಕಿಟಕಿಯ ಗಾಜು ಯುವಿ-ಬಿಯನ್ನು ತಡೆದು ಯುವಿ-ಎಯನ್ನು ಬಹುಮಟ್ಟಿಗೆ ಒಳಬಿಡುತ್ತದೆ. 28 ವರ್ಷ ಲಾರಿ ಓಡಿಸಿದ್ದ ಅಮೆರಿಕದ 69ರ ವೃದ್ಧರೊಬ್ಬರ ಚಿತ್ರವನ್ನು 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆಯ ಚರ್ಮ ದಪ್ಪಗಾಗಿ, ಜೋತು, ಆಳವಾದ ಗೆರೆಗಳಿಂದ ತುಂಬಿತ್ತು. ಬಲಗೆನ್ನೆ ಹತ್ತಾರು ವರ್ಷ ಕಿರಿಯರದ್ದೆಂಬಂತೆ ಕಾಣುತ್ತಿತ್ತು. ಮುಖ ಒಂದೇ, ವಯಸ್ಸು ಒಂದೇ, ಬೇರೆಯಾಗಿದ್ದದ್ದು ಬಿಸಿಲು ಮಾತ್ರ. ಭಾರತದಲ್ಲಿ ಸ್ಟೀರಿಂಗ್ ಬಲಗಡೆ ಇರುವುದರಿಂದ ಇಲ್ಲಿನ ಬಸ್ಸು, ಲಾರಿ, ಕ್ಯಾಬ್ ಚಾಲಕರ ಬಲಗೆನ್ನೆ ಮತ್ತು ಬಲಗೈ ಕಿಟಕಿಯ ಪಾಲಾಗುತ್ತವೆ. ಎದುರಿನ ವಿಂಡ್‌ಶೀಲ್ಡ್ ಎರಡು ಗಾಜಿನ ನಡುವೆ ಪದರವಿಟ್ಟು ಮಾಡಿದ್ದು, ಅದು ಯುವಿ-ಎಯನ್ನೂ ಬಹುಪಾಲು ತಡೆಯುತ್ತದೆ. ಪಕ್ಕದ ಗಾಜಿಗೆ ಆ ಶಕ್ತಿ ಅಷ್ಟಿಲ್ಲ.

ಬಂಗಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕೆನ್ನೆ, ಹಣೆ, ಮೂಗಿನ ಮೇಲೆ, ಮೇಲ್ದುಟಿಯ ಮೇಲೆ ಎರಡೂ ಕಡೆ ಸಮನಾಗಿ ಹರಡುವ ಈ ಕಂದು ಮಚ್ಚೆ ಹೆಚ್ಚಾಗಿ ಕಾಣುವುದು ಹೆಂಗಸರಲ್ಲಿ. ಬಸಿರಿನಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಕಾಣಿಸಿಕೊಳ್ಳುವುದುಂಟು. ಮನೆತನದಲ್ಲಿ ಬರುವುದೂ ಉಂಟು. ಇದಕ್ಕೆಲ್ಲ ಬಿಸಿಲು ಸೇರಿದರೆ ಬಂಗು ಗಾಢವಾಗುತ್ತದೆ. ಕಂದು ಚರ್ಮದಲ್ಲಿ ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕಿನ ನೀಲಿ ಭಾಗವೂ ಬಂಗನ್ನು ಕೆರಳಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯದು. ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣಕ್ಕೆ ಹೊಂದುವ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಮನೆಮನೆಯಲ್ಲಿರುವ ಕ್ಯಾಲಮೈನ್ ಲೋಷನ್ನಿಗೆ ಗುಲಾಬಿ ಬಣ್ಣ ಬರುವುದೂ ಇದೇ ಐರನ್ ಆಕ್ಸೈಡಿನಿಂದ. ಹಾಗೆಂದು ಕ್ಯಾಲಮೈನ್ ಅನ್ನು ಸನ್‌ಸ್ಕ್ರೀನ್ ಬದಲು ಹಚ್ಚಿಕೊಳ್ಳುವಂತಿಲ್ಲ. ಬಂಗಿಗೆ ಚಿಕಿತ್ಸೆಯಿದೆ, ಆದರೆ ಬಿಸಿಲಿನ ಮರೆ ತಪ್ಪಿದರೆ ಅದು ಮರಳಿ ಬರುತ್ತದೆ.

ರಕ್ಷಣೆಯಲ್ಲಿ ಮೊದಲ ಸ್ಥಾನ ನೆರಳಿಗೆ. ಎರಡನೆಯದು ಬಟ್ಟೆ ಮತ್ತು ಕೊಡೆಗೆ. ಕ್ರೀಮು ಮೂರನೆಯದು. ಅಂಗಡಿಯ ಜಾಹೀರಾತುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಕಪ್ಪು ಬಟ್ಟೆಯ ಸಾಮಾನ್ಯ ಕೊಡೆ ನೇರ ಬಿಸಿಲಿನ ಅತಿನೇರಳೆ ಕಿರಣದಲ್ಲಿ ಶೇ 90ರಷ್ಟನ್ನು ತಡೆಯುತ್ತದೆ. ನೆಲದಿಂದ, ಗೋಡೆಯಿಂದ ಪ್ರತಿಫಲಿಸಿ ಬರುವುದನ್ನು ತಡೆಯದು, ಆದರೂ ಲಾಭ ದೊಡ್ಡದು. ಬಟ್ಟೆಯ ವಿಷಯದಲ್ಲಿ ಒತ್ತಾದ ನೇಯ್ಗೆ ಮತ್ತು ಗಾಢ ಬಣ್ಣ ಮುಖ್ಯ. ಒದ್ದೆಯಾದ ತೆಳು ಬಿಳಿ ಹತ್ತಿಬಟ್ಟೆ ಕಿರಣವನ್ನು ಹೆಚ್ಚು ಒಳಬಿಡುತ್ತದೆ. ಮಲೆನಾಡಿನ ಅಡಕೆಯ ಹಾಳೆಟೊಪ್ಪಿ, ಉತ್ತರ ಕರ್ನಾಟಕದ ರುಮಾಲು ಎರಡೂ ನೆತ್ತಿಯನ್ನು ಚೆನ್ನಾಗಿ ಕಾಯುತ್ತವೆ. ಆದರೆ ಅಂಚು ಮುಂದೆ ಚಾಚಿರುವುದಿಲ್ಲ, ಹಾಗಾಗಿ ಕೆನ್ನೆ ಮತ್ತು ಮೂಗು ಬಯಲಿಗೇ ಉಳಿಯುತ್ತವೆ. ಸುತ್ತಲೂ ಮೂರು ಇಂಚು ಅಂಚಿರುವ ಟೊಪ್ಪಿ ಮುಖ, ಕಿವಿ, ಕತ್ತು ಮೂರಕ್ಕೂ ನೆರಳು ಕೊಡುತ್ತದೆ. ಕಳೆ ಕೀಳುವ ಹೆಂಗಸರು ಸೆರಗನ್ನು ಹಣೆಯ ಮುಂದಕ್ಕೆಳೆದು, ಕೆನ್ನೆ ಮುಚ್ಚುವಂತೆ ಕಟ್ಟಿಕೊಳ್ಳುವುದು ಇವೆಲ್ಲಕ್ಕಿಂತ ಒಳ್ಳೆಯ ವಿಧಾನ.

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯಿದೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಗುವ ಈ ಅನುಕೂಲ ಗಾರೆ ಕೆಲಸದವರಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ, ಪೌರಕಾರ್ಮಿಕರಿಗೆ ಇನ್ನೂ ಹೆಚ್ಚು ಸಲ್ಲಬೇಕು. ದಿನವಿಡೀ ಬೆವರುವವರಿಗೆ ಎರಡು ಗಂಟೆಗೊಮ್ಮೆ ಕ್ರೀಮು ಹಚ್ಚಿಕೊಳ್ಳಿ ಎನ್ನುವುದು ಉಪಯೋಗಕ್ಕೆ ಬಾರದ ಸಲಹೆ. ಬೇಗ ಶುರುವಾಗಿ ಬೇಗ ಮುಗಿಯುವ ಕೆಲಸ, ಅಂಚಿನ ಟೊಪ್ಪಿ, ತುಂಬುತೋಳಿನ ಅಂಗಿ ಅವರಿಗೆ ಬೇಕಾದದ್ದು.

ಕ್ರೀಮಿನ ಮೇಲೆ ಬರೆದಿರುವ ಎಸ್‌ಪಿಎಫ್ ಅಂಕಿ ಮುಖ್ಯವಾಗಿ ಯುವಿ-ಬಿಯಿಂದ ಸಿಗುವ ರಕ್ಷಣೆಯ ಅಳತೆ. ಎಸ್‌ಪಿಎಫ್ 15 ಶೇ 93ರಷ್ಟನ್ನು ತಡೆದರೆ 30 ಶೇ 97ರಷ್ಟನ್ನು, 50 ಶೇ 98ರಷ್ಟನ್ನು ತಡೆಯುತ್ತದೆ. 30ರಿಂದ ಮೇಲಕ್ಕೆ ಬೆಲೆ ಏರಿದಷ್ಟು ಲಾಭ ಏರುವುದಿಲ್ಲ. ಯುವಿ-ಎಗೆ ಬೇರೆ ಗುರುತು ನೋಡಬೇಕು. ಜಪಾನಿನಿಂದ ಬಂದ ಪಿಎ ಪದ್ಧತಿಯಲ್ಲಿ ಪ್ಲಸ್ ಚಿಹ್ನೆ ಹೆಚ್ಚಿದ್ದಷ್ಟೂ ರಕ್ಷಣೆ ಹೆಚ್ಚು. ಪ್ಲಸ್ ಮೂರಾದರೂ ಇರಲಿ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಕ್ರೀಮುಗಳು ಸೂಕ್ಷ್ಮ ಚರ್ಮಕ್ಕೆ ಹೊಂದುತ್ತವೆ. ಆದರೆ ಕಂದು ಮುಖದ ಮೇಲೆ ಬೂದಿ ಬಳಿದಂತಾಗಿ, ಅದನ್ನು ಸಹಿಸಲಾಗದೆ ಎಷ್ಟೋ ಜನ ಸನ್‌ಸ್ಕ್ರೀನ್ ಸಹವಾಸವನ್ನೇ ಬಿಡುತ್ತಾರೆ. ಜಿಡ್ಡಿನ ಮುಖಕ್ಕೆ ಜೆಲ್, ಒಣ ಮುಖಕ್ಕೆ ಕ್ರೀಮು ಒಪ್ಪುತ್ತದೆ. ದಿನವೂ ಬೇಸರವಿಲ್ಲದೆ ಹಚ್ಚಿಕೊಳ್ಳಬಹುದಾದದ್ದೇ ಒಳ್ಳೆಯ ಸನ್‌ಸ್ಕ್ರೀನ್.

ಹಚ್ಚುವ ಪ್ರಮಾಣದಲ್ಲಿ ಬಹುತೇಕರು ತಪ್ಪುತ್ತಾರೆ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮು ಬಳಿಯುತ್ತಾರೆ. ಮನೆಯಲ್ಲಿ ಜನ ಹಚ್ಚುವುದು ಅದರ ಕಾಲು ಭಾಗ, ಹೆಚ್ಚೆಂದರೆ ಅರ್ಧ. ಕಡಲೆ ಕಾಳಿನಷ್ಟು ತೆಗೆದು ಮುಖಕ್ಕೆಲ್ಲ ಸವರಿದರೆ ಡಬ್ಬಿಯ ಮೇಲಿನ 50 ಎಂಬ ಅಂಕಿ ಮುಖಕ್ಕೆ ಇಳಿಯುವುದಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಪೂರ್ತಿ ಉದ್ದಕ್ಕೆ ಒಂದೊಂದು ಗೆರೆ ಎಳೆದರೆ ಮುಖ, ಕತ್ತಿಗೆ ಸಾಕಾಗುತ್ತದೆ. ಈ ಲೆಕ್ಕದಲ್ಲಿ 50 ಗ್ರಾಂ ಟ್ಯೂಬು ದಿನಕ್ಕೊಂದೇ ಸಲ ಹಚ್ಚಿದರೂ ಒಂದೂವರೆ ತಿಂಗಳೊಳಗೆ ಮುಗಿಯಬೇಕು. ಒಬ್ಬರೇ ಬಳಸುವ ಟ್ಯೂಬು ಆರು ತಿಂಗಳು ಬಾಳಿದರೆ ರಕ್ಷಣೆ ಸಿಕ್ಕಿಲ್ಲವೆಂದೇ ಅರ್ಥ. ಹೊರಡುವ ಕಾಲು ಗಂಟೆ ಮುಂಚೆ ಹಚ್ಚಿ, ಬಿಸಿಲಿನಲ್ಲೇ ಇರುವುದಾದರೆ ಎರಡು ಗಂಟೆಗೊಮ್ಮೆ, ಬೆವರಿ ಮುಖ ಒರೆಸಿಕೊಂಡ ಮೇಲೆ ಮತ್ತೊಮ್ಮೆ ಹಚ್ಚಬೇಕು. ಕಿವಿ, ತುಟಿಯ ಅಂಚು, ಕತ್ತಿನ ಹಿಂಭಾಗವನ್ನು ಮರೆಯುವವರೇ ಹೆಚ್ಚು.

ಇಷ್ಟೆಲ್ಲ ಮಾಡಿದರೆ ಫಲವಿದೆಯೇ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ನಾಂಬೂರ್ ಎಂಬ ಊರಿನಲ್ಲಿ ಉತ್ತರ ಸಿಕ್ಕಿತು. ಅಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಲಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚಿಕೊಂಡವರ ಚರ್ಮ ಮುಪ್ಪಾಗುವುದು, ಮನಸ್ಸು ಬಂದಾಗ ಹಚ್ಚಿಕೊಂಡವರಿಗಿಂತ ಶೇ 24ರಷ್ಟು ಕಡಿಮೆಯಿತ್ತು. 2013ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅವರಲ್ಲಿ ಬಹುತೇಕರು ಬಿಳಿಯರು, ಅದೇ ಅಂಕಿಯನ್ನು ಕಂದು ಮುಖಕ್ಕೆ ಅನ್ವಯಿಸುವಂತಿಲ್ಲ. ದಿನವೂ ತಪ್ಪದೆ ಹಚ್ಚಬೇಕೆಂಬ ಪಾಠ ಎಲ್ಲರಿಗೂ ಸಲ್ಲುತ್ತದೆ. ಮುಖ ಮುಚ್ಚಿಕೊಂಡರೆ ವಿಟಮಿನ್ ಡಿ ಕಡಿಮೆಯಾಗುತ್ತದೆ ಎಂದು ಹೆದರುವವರು ತೋಳು, ಕಾಲುಗಳಿಗೆ ಸ್ವಲ್ಪ ಬಿಸಿಲು ಬೀಳಿಸಿಕೊಳ್ಳಬಹುದು. ಅದಕ್ಕಾಗಿ ಮುಖವನ್ನು ಒಡ್ಡಬೇಕಿಲ್ಲ.

ದಿನದ ಆರೈಕೆಯ ಉಳಿದ ಭಾಗ ಸರಳ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಅದರ ಪಿಎಚ್ 5ರ ಆಸುಪಾಸು. ಸಾಬೂನಿನದು 9ರಿಂದ 10. ದಿನಕ್ಕೆ ನಾಲ್ಕೈದು ಸಲ ಸಾಬೂನು ಹಾಕಿ ಮುಖ ತೊಳೆದರೆ ಚರ್ಮದ ಸಹಜ ಜಿಡ್ಡು ಹೋಗಿ ಬಿಗಿತ, ನವೆ ಶುರುವಾಗುತ್ತದೆ. ಕೋಲಾರದ ಕಡೆಯ, ಬೆಂಗಳೂರಿನ ಹೊರವಲಯದ ಕೊಳವೆಬಾವಿ ನೀರಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿ, ನೊರೆ ಬಾರದೆ, ತೊಳೆದರೂ ಹೋಗದ ಗಸಿ ಚರ್ಮದ ಮೇಲೆ ನಿಲ್ಲುತ್ತದೆ. ಅಂಥಲ್ಲಿ ಸೌಮ್ಯವಾದ ಫೇಸ್‌ವಾಶ್ ವಾಸಿ. ಬೆಳಿಗ್ಗೆ ಒಂದು ಸಲ, ಮಲಗುವ ಮುನ್ನ ಒಂದು ಸಲ ತೊಳೆದರೆ ಸಾಕು. ಬೀದರ್, ವಿಜಯಪುರದ ಚಳಿಗಾಲದ ಒಣಹವೆಗೆ ಗ್ಲಿಸರಿನ್ ಇರುವ ಕ್ರೀಮು ಅಥವಾ ಪೆಟ್ರೋಲಿಯಂ ಜೆಲ್ಲಿ ಬೇಕಾಗುತ್ತದೆ. ಮುಖ ಇನ್ನೂ ಹಸಿಯಿರುವಾಗಲೇ ಹಚ್ಚಿದರೆ ನೀರಿನಂಶ ಉಳಿಯುತ್ತದೆ. ಮಂಗಳೂರು, ಕಾರವಾರದ ತೇವದ ಹವೆಗೆ ತೆಳುವಾದ ಲೋಷನ್ ಸಾಕು.

ಅಡುಗೆಮನೆಯ ಸಾಮಗ್ರಿಯೆಲ್ಲ ನಿರಪಾಯಕಾರಿ ಎಂಬ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಕಡಲೆಹಿಟ್ಟು, ಹೆಸರುಹಿಟ್ಟು ಜಿಡ್ಡು ತೆಗೆಯುತ್ತವೆ. ಒರಟಾಗಿ ತಿಕ್ಕದಿದ್ದರೆ ತೊಂದರೆಯಿಲ್ಲ. ನಿಂಬೆಹುಳಿ ಮಾತ್ರ ಮುಖಕ್ಕೆ ಬೇಡವೇ ಬೇಡ. ನಿಂಬೆಯ ಜಾತಿಯ ಹಣ್ಣುಗಳಲ್ಲಿರುವ ಕೆಲವು ರಾಸಾಯನಿಕಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಗಾಯವಾಗಿ, ತಿಂಗಳುಗಟ್ಟಲೆ ಕಪ್ಪು ಗುರುತು ಉಳಿಯುತ್ತದೆ. ಮೊಡವೆಗೆ ಟೂತ್‌ಪೇಸ್ಟ್ ಹಚ್ಚುವುದೂ ಇಂಥದ್ದೇ ತಪ್ಪು. ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚುವವರ ಹಣೆಯಲ್ಲಿ, ಕೂದಲಂಚಿನುದ್ದಕ್ಕೂ ಸಣ್ಣ ಮೊಡವೆಗಳು ಏಳುವುದುಂಟು. ಎಣ್ಣೆಯನ್ನು ರಾತ್ರಿಯಿಡೀ ಬಿಡದೆ, ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಚ್ಚಿದರೆ ಅವು ತಗ್ಗುತ್ತವೆ. ಕುಂಕುಮದ ಬಣ್ಣ ಕೆಲವರಿಗೆ ಒಗ್ಗದೆ ಹಣೆಯಲ್ಲಿ ನವೆ, ಕಪ್ಪು ಕಲೆ ಬರುತ್ತದೆ. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಅದೇ ಜಾಗ ಬೆಳ್ಳಗಾಗುವುದೂ ಉಂಟು.

ಹೊಲದಲ್ಲಿ ದುಡಿಯುವವರ ಮುಖ ಕಪ್ಪಾಗಿ, ದಪ್ಪಗಾಗಿ, ಸಹಿಸಲಾರದ ನವೆಯಿದ್ದರೆ ಅದನ್ನು ಬಿಸಿಲಿನ ತಲೆಗೆ ಕಟ್ಟಿ ಸುಮ್ಮನಾಗಬಾರದು. ಅನೇಕ ವೇಳೆ ಅದಕ್ಕೆ ಕಾರಣ ಕಾಂಗ್ರೆಸ್ ಗಿಡ. ಈ ಪಾರ್ಥೇನಿಯಂ ಕಳೆಯ ಒಣಗಿದ ಕಣಗಳು ಗಾಳಿಯಲ್ಲಿ ತೇಲಿಬಂದು ಚರ್ಮಕ್ಕೆ ಕೂತು ಅಲರ್ಜಿ ಎಬ್ಬಿಸುತ್ತವೆ. ರೆಪ್ಪೆಗಳು, ಕತ್ತಿನ ಮಡಿಕೆ, ಮೊಣಕೈ ಮಡಿಕೆಗಳಂಥ ನೆರಳಿನ ಜಾಗಗಳಲ್ಲೂ ನವೆ ಇರುವುದು ಇದರ ಗುರುತು. ವರ್ಷಗಳು ಕಳೆದಂತೆ ಕೆಲವರಿಗೆ ಬಿಸಿಲೂ ಒಗ್ಗದಂತಾಗುತ್ತದೆ. ಗಿಡವನ್ನು ಬರಿಗೈಯಲ್ಲಿ ಕೀಳಬಾರದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೂ ಬಿಡುವ ಮುಂಚೆಯೇ ಕೀಳಿಸಬೇಕು.

ಇನ್ನು ಬೆಳ್ಳಗಾಗುವ ಕ್ರೀಮುಗಳು. ಮುಖದ ಚರ್ಮ ಬಿಸಿಲಿನಿಂದ ಕೆಟ್ಟದ್ದಕ್ಕಿಂತ ಹೀನಾಯವಾಗಿ ಕೆಡುವುದು ಇವುಗಳಿಂದ. ಅಮೆರಿಕದ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್ಮನ್ 1975ರಲ್ಲಿ ಕಪ್ಪು ಕಲೆಗಳ ಚಿಕಿತ್ಸೆಗೆಂದು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್ ಬೆರೆಸಿದ ಮದ್ದನ್ನು ರೂಪಿಸಿದರು. ವೈದ್ಯರ ಕಣ್ಗಾವಲಿನಲ್ಲಿ ಕೆಲವೇ ವಾರ ಬಳಸಬೇಕಾದ ಈ ಬಗೆಯ ಮಿಶ್ರಣ ಭಾರತದಲ್ಲಿ ಮೆಡಿಕಲ್ ಶಾಪುಗಳಿಂದ ಚೀಟಿಯಿಲ್ಲದೆ ಮನೆ ಸೇರಿತು. ಹಚ್ಚಿದ ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ಗೆಳತಿಯರು ಕೇಳುತ್ತಾರೆ, ಹೆಸರು ಬಾಯಿಂದ ಬಾಯಿಗೆ ಹರಡುತ್ತದೆ. ತಿಂಗಳುಗಳಾದ ಮೇಲೆ ಚರ್ಮ ತೆಳುವಾಗಿ ಕೆಂಪು ರಕ್ತನಾಳ ಕಾಣುತ್ತದೆ, ಮೊಡವೆ ಏಳುತ್ತದೆ, ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಮುಖ ಕೆರಳುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಕೋಲ್ಕತ್ತದ ಚರ್ಮರೋಗ ತಜ್ಞ ಕೌಶಿಕ್ ಲಾಹಿರಿ ಮತ್ತು ಅವರ ಸಹೋದ್ಯೋಗಿಗಳು ಈ ಸ್ಥಿತಿಯನ್ನು ಸ್ಟೀರಾಯ್ಡಿಗೆ ದಾಸನಾದ ಮುಖವೆಂದು ಗುರುತಿಸಿ ವಿವರಿಸಿದರು. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ನಿಯಮ ಮಾಡಿತು. ನಿಯಮವಿದ್ದರೂ ಹೆಸರು ಹೇಳಿ ಕೇಳಿದರೆ ಕೊಡುವ ಅಂಗಡಿಗಳು ಇನ್ನೂ ಇವೆ.

ಲೇಬಲ್ಲೇ ಸರಿಯಿಲ್ಲದ, ಎಲ್ಲಿ ತಯಾರಾದದ್ದೆಂದು ಗೊತ್ತಾಗದ ಬಿಳುಪಿನ ಕ್ರೀಮುಗಳ ಅಪಾಯ ಇನ್ನೊಂದು ಬಗೆಯದು. ಅವುಗಳಲ್ಲಿ ಪಾದರಸ ಇರುವುದುಂಟು. ಪಾದರಸ ಮೆಲನಿನ್ ತಯಾರಿಯನ್ನು ತಡೆದು ಮುಖ ಬೆಳ್ಳಗಾಗಿಸುತ್ತದೆ, ಚರ್ಮದ ಮೂಲಕ ರಕ್ತ ಸೇರಿ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅದರಲ್ಲಿ 15 ಮಂದಿಯದು ಅಪರೂಪದ ರೂಪದ ಕಾಯಿಲೆಯಾಗಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸಿದ್ದರು.

ಮನೆಯ ಕನ್ನಡಿಯ ಬಳಿಯಿರುವ ಟ್ಯೂಬುಗಳನ್ನು ಒಮ್ಮೆ ತೆಗೆದು ಸಣ್ಣಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಓಸಿನೋಲೋನ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಒಳಗಿರುವ ವಸ್ತುಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಮುಖದ ಹತ್ತಿರ ತರಬೇಡಿ. ಸ್ಟೀರಾಯ್ಡ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸದೆ, ಆ ಟ್ಯೂಬನ್ನೇ ಹಿಡಿದುಕೊಂಡು ಚರ್ಮರೋಗ ತಜ್ಞರ ಬಳಿ ಹೋಗಿ. ಜಿಲ್ಲಾಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲೂ ಇದಕ್ಕೆ ಚಿಕಿತ್ಸೆ ಸಿಗುತ್ತದೆ.